ಆಲೆಮನೆಯ ಅಳತೆಯಲ್ಲಿ ಒಂದು ಮನೆ

ಆ ಆಲೆಮನೆಯಲ್ಲಿ ಒಲೆ ಇದ್ದ ಅಂಕಣದ ಒಳ ಅಗಲ ಹದಿನೆಂಟು ಅಡಿ, ಒಳ ಉದ್ದ ಇಪ್ಪತ್ತೈದು ಅಡಿ. ಮೂರು ಸಲ ಅಳೆದೆ. ಮೊದಲು ಲೇಸರ್ ಯಂತ್ರದಲ್ಲಿ, ಆಮೇಲೆ ಉಕ್ಕಿನ ಟೇಪಿನಲ್ಲಿ, ಕೊನೆಗೆ ಟೇಪಿನ ಇನ್ನೊಂದು ತುದಿಯನ್ನು ಆಲೆಮನೆಯ ಯಜಮಾನರ ಕೈಗೇ ಕೊಟ್ಟು. ಮೂರೂ ಸಲ ಅದೇ ಅಂಕಿ ಬಂತು. ಮಣ್ಣಿನ ಗೋಡೆಯ ಹಳೆಯ ಕಟ್ಟಡದಲ್ಲಿ ಎರಡೂ ಕಡೆ ಹೀಗೆ ಪೂರ್ಣ ಅಡಿ ಸಿಗುವುದು ಅಪರೂಪ. ಯಾಕೆ ಹೀಗೆ ಎಂದು ಅವತ್ತು ನಾನು ಕೇಳಿಕೊಳ್ಳಲಿಲ್ಲ.

ಆಲೆಮನೆ ಇದ್ದದ್ದು ಮದ್ದೂರು ತಾಲ್ಲೂಕಿನಲ್ಲಿ, ಆತಗೂರಿಗೆ ಹತ್ತಿರದ ಒಂದು ಊರಿನ ಕಬ್ಬಿನ ಗದ್ದೆಗಳ ನಡುವೆ. ಹಳೆಯ ಕೃಷಿ ಕಟ್ಟಡಗಳ ಮಾದರಿಯಲ್ಲಿ ಹಳ್ಳಿಗೆ ಹೊಸ ಮನೆಗಳನ್ನು ಕಟ್ಟುವ ಕೆಲಸವನ್ನು ಒಂದು ಸಂಸ್ಥೆ ಕೈಗೆತ್ತಿಕೊಂಡಿತ್ತು. ಮೊದಲು ಮಳವಳ್ಳಿ ತಾಲ್ಲೂಕಿನಲ್ಲಿ ಒಂದು ಮನೆ, ಅದು ಸರಿಬಂದರೆ ಅದೇ ಊರಿನಲ್ಲಿ ಇನ್ನೈದು. ನಕ್ಷೆ ಮಾಡುವವರು ಮೈಸೂರಿನ ಒಬ್ಬ ವಿನ್ಯಾಸಕಿ. ಹಳೆಯ ಕಟ್ಟಡಗಳನ್ನು ಅಳೆದು, ಅವುಗಳ ಬಗ್ಗೆ ಗೊತ್ತಿದ್ದವರನ್ನು ಮಾತಾಡಿಸಿ, ದಾಖಲೆ ಹಾಳೆ ತಯಾರಿಸುವುದು ನನ್ನ ಕೆಲಸ. ಕಂಡದ್ದನ್ನು ಕಂಡಷ್ಟೇ ಬರೆಯುವುದು ನನಗೆ ಸುದ್ದಿಮನೆಯಿಂದ ಬಂದ ಅಭ್ಯಾಸ. ಅದಕ್ಕಾಗಿಯೇ ನನ್ನನ್ನು ಕರೆದಿದ್ದರು.

ಕೊಟ್ಟಿಗೆಗಳನ್ನೂ ರೇಷ್ಮೆ ಹುಳು ಸಾಕುವ ಮನೆಗಳನ್ನೂ ನೋಡಿದ ಮೇಲೆ ವಿನ್ಯಾಸಕಿ ಆಲೆಮನೆಯನ್ನು ಆರಿಸಿಕೊಂಡರು. ಕಾರಣ ಅದರ ಮಾಡು. ಹೆಂಚಿನ ಮಾಡಿನ ನೆತ್ತಿಯಲ್ಲಿ ಉದ್ದಕ್ಕೂ ಬಾಯಿ ಬಿಟ್ಟಿದ್ದರು. ಆ ಬಾಯಿಯ ಮೇಲೆ ಎರಡಡಿ ಎತ್ತರದಲ್ಲಿ ಇನ್ನೊಂದು ಕಿರಿದಾದ ಮಾಡು. ಕೆಳಗೆ ಸೂರು ತಗ್ಗು, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಸೂರಿನಡಿ ನುಗ್ಗಿದ ಗಾಳಿ ಕೊಪ್ಪರಿಗೆಯ ಆವಿಯನ್ನೂ ಒಲೆಯ ಹೊಗೆಯನ್ನೂ ಎತ್ತಿಕೊಂಡು ನೆತ್ತಿಯಿಂದ ಹೊರಗೆ ಹೋಗುತ್ತಿತ್ತು. ನಾವು ಹೋದ ದಿನ ಒಲೆ ಉರಿಯುತ್ತಿತ್ತು, ಹೊರಗೆ ಬಿಸಿಲು. ಪಾಕ ತಿರುವುತ್ತಿದ್ದ ಇಬ್ಬರು ಅದರ ಪಕ್ಕದಲ್ಲೇ ಹರಟುತ್ತ ನಿಂತಿದ್ದರು.

"ಇಷ್ಟು ಉರಿ ಪಕ್ಕದಲ್ಲಿ ನಿಂತು ಮಾತಾಡೋಕೆ ಆಗುತ್ತೆ ಅಂದ್ರೆ ಈ ಪ್ರಮಾಣದಲ್ಲೇ ಏನೋ ಇದೆ," ಎಂದರು ವಿನ್ಯಾಸಕಿ. "ಅಗಲ, ಉದ್ದ, ಎತ್ತರ ಒಂದಿಂಚೂ ಬದಲಾಯಿಸೋದು ಬೇಡ. ಇದನ್ನೇ ಇಟ್ಕೊಳ್ಳೋಣ."

ಆಲೆಮನೆಯ ಯಜಮಾನರು ಎಪ್ಪತ್ತು ದಾಟಿದ ರೈತರು. ಟೇಪಿನ ತುದಿ ಹಿಡಿದುಕೊಂಡೇ ಕೇಳಿದರು. "ಇದ್ನ ಅಳ್ಕೊಂಡೋಗಿ ಏನ್ ಮಾಡ್ತಿಯಪ್ಪ?"

"ಇದೇ ಥರ ಮನೆ ಕಟ್ಟಬೇಕು ಅಂತಿದೀವಿ ಯಜಮಾನ್ರೆ."

"ಮನೆನಾ? ವಾಸ್ಕೆ?" ಅವರು ಪಾಕದ ಕಡೆ ನೋಡಿ ಜೋರಾಗಿ ಹೇಳಿದರು. "ಕೇಳುದ್ರೇನ್ಲಾ? ನಮ್ ಆಲೆಮನೆಲಿ ಸಂಸಾರ ಮಾಡ್ತಾರಂತೆ." ಇಬ್ಬರೂ ನಕ್ಕರು. ಯಜಮಾನರು ನನ್ನ ಕಡೆ ತಿರುಗಿದಾಗ ಮುಖದಲ್ಲಿ ನಗು ಇರಲಿಲ್ಲ. "ಮಾಡು ಬೇಕಾರೆ ತಕ್ಕೊ. ಅಳತೆ ತಕ್ಕೋಬ್ಯಾಡ. ಇದು ಉರಿ ಇರೋ ಜಾಗದ ಅಳತೆ ಕಣಪ್ಪ, ಮನುಸ್ರು ಮಲಗೋ ಅಳತೆ ಅಲ್ಲ."

ಆ ಮಾತನ್ನು ಕಿಸೆಯ ಪುಸ್ತಕದಲ್ಲಿ ಅವರು ಹೇಳಿದ ಹಾಗೆಯೇ ಬರೆದುಕೊಂಡೆ.

ಎರಡು ದಿನ ಬಿಟ್ಟು ಶುದ್ಧ ಪ್ರತಿ ತಯಾರಿಸಿದೆ. ಹಾಳೆಯಲ್ಲಿ ಮೂರು ಕಾಲಂಗಳಿದ್ದವು: ಭಾಗ, ಅಳತೆ, ಸಾಮಗ್ರಿ. ವಿನ್ಯಾಸಕಿ ಎಲ್ಲವನ್ನೂ ಮಿಲಿಮೀಟರಿನಲ್ಲಿ ಕೇಳಿದ್ದರು. ಹದಿನೆಂಟು ಅಡಿಯನ್ನು 5486 ಎಂದೂ ಇಪ್ಪತ್ತೈದು ಅಡಿಯನ್ನು 7620 ಎಂದೂ ಬರೆದೆ. ಯಜಮಾನರ ಮಾತು ಬಂದಾಗ ಪೆನ್ನು ನಿಂತಿತು. ಅದರಲ್ಲಿ ಅಂಕಿ ಇರಲಿಲ್ಲ. ಒಬ್ಬರೇ ಹೇಳಿದ್ದು, ಕಾರಣ ಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ಸುದ್ದಿಮನೆಯಲ್ಲಿ ಇಂಥ ವಾಕ್ಯವನ್ನು ಅಭಿಪ್ರಾಯ ಎಂದು ತೆಗೆಯುತ್ತೇವೆ. ತೆಗೆದೆ. ಹಾಳೆ ಸ್ವಚ್ಛವಾಗಿ ಕಂಡಿತು.

ಮೊದಲ ಮನೆಯ ಜಾಗ ಪೂರಿಗಾಲಿಗೆ ಸಮೀಪದ ಒಂದು ಊರಿನಲ್ಲಿತ್ತು. ಮನೆಯೊಡತಿಗೆ ಐವತ್ತರ ಆಸುಪಾಸು. ಗಂಡ ಕಬ್ಬಿನ ಲಾರಿಗೆ ಲೋಡು ತುಂಬುವ ಕೆಲಸಕ್ಕೆ ಹೋಗುತ್ತಿದ್ದರು. ಮನೆಯ ಮಾತೆಲ್ಲ ಆಕೆಯದೇ. ಇದ್ದ ಒಬ್ಬಳೇ ಮಗಳನ್ನು ಆತಗೂರಿನ ಕಡೆಗೆ ಕೊಟ್ಟಿದ್ದರು. ಮಗಳಿಗೆ ಆಗ ಐದನೇ ತಿಂಗಳು. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು, ಅದಕ್ಕೆ ಮುಂಚೆ ಹೊಸ ಮನೆ ಏಳಬೇಕು: ಆಕೆ ಒಪ್ಪಿದ್ದೇ ಈ ಲೆಕ್ಕದ ಮೇಲೆ.

"ಎಷ್ಟು ತಿಂಗಳು ಸಾ?" ಎಂದು ಮೊದಲ ದಿನವೇ ಕೇಳಿದರು.

"ಮೂರು," ಎಂದೆ. ವಿನ್ಯಾಸಕಿ ತಲೆಯಾಡಿಸಿದರು.

"ಎಂಟಕ್ಕೆ ಮುಗೀತದೆ. ಒಂಬತ್ತಕ್ಕೆ ಕರ್ಕೊಂಡ್ ಬತ್ತೀನಿ."

ನಮ್ಮ ಮಾತು ನಂಬಿ ಹಳೆಯ ಮನೆಯನ್ನು ಕೆಡವಿದರು. ಗಂಡ ಹೆಂಡತಿ ಇಬ್ಬರೂ ಹಿತ್ತಲಲ್ಲಿದ್ದ ಹುಳುಮನೆಗೆ ಹೋದರು. ಅದು ರೇಷ್ಮೆ ಹುಳು ಸಾಕುವ ಒಂದೇ ಕೋಣೆಯ ಶೆಡ್ಡು. ತಟ್ಟೆಗಳನ್ನೂ ಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನೂ ಒಂದು ಮೂಲೆಗೆ ಪೇರಿಸಿ, ಇನ್ನೊಂದು ಮೂಲೆಯಲ್ಲಿ ಒಲೆ ಹೂಡಿದರು. ಆ ಸಲ ಹುಳು ಮೇಯಿಸಲಿಲ್ಲ. ನೆಲಕ್ಕೆ ಹಾಕುತ್ತಿದ್ದ ಸುಣ್ಣ ಮತ್ತು ಬ್ಲೀಚಿಂಗ್ ಪುಡಿಯ ವಾಸನೆ ಗೋಡೆಗೆ ಹಿಡಿದಿತ್ತು. ಹೋದವರಿಗೆಲ್ಲ ಆಕೆ ಹೇಳುತ್ತಿದ್ದ ಮಾತು ಒಂದೇ. "ಬನ್ನಿ, ಹುಳಾ ನೋಡ್ಕೊಂಡೋಗಿ. ಎರಡೇ ಅವೆ, ಗೂಡು ಕಟ್ಟಾಕೆ ಕಾಯ್ತಾ ಅವೆ."

ಮೇಸ್ತ್ರಿ ಮಳವಳ್ಳಿ ಪೇಟೆಯವರು, ಮುಸಲ್ಮಾನರು. ಅವರ ತಂದೆಯೂ ಗಾರೆ ಕೆಲಸದವರು. ಸುತ್ತಿನ ಹಳ್ಳಿಗಳಲ್ಲಿ ಅಪ್ಪ ಕಟ್ಟಿದ ಮನೆಗೆ ಮಗ ಮಹಡಿ ಏರಿಸಿದ್ದೂ ಇತ್ತು. ಎಲ್ಲರೂ ಸಾಬ್ರು ಎಂದೇ ಕರೆಯುತ್ತಿದ್ದರು. ನಕ್ಷೆ ಕೈಗೆ ಕೊಟ್ಟಾಗ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಅಡೀಲಿ ಬರ್ಕೊಟ್ಟಿಲ್ವಾ ಸಾ?"

"ಎಲ್ಲ ಮಿಲಿಮೀಟರು ಮೇಸ್ತ್ರಿ. ತಪ್ಪು ಆಗಬಾರದು ಅಂತ."

"ಆಗ್ಲಿ. ಕೋಲಿಗೆ ಗುರ್ತ್ ಹಾಕ್ಕೊತೀನಿ." ನಕ್ಷೆ ಮಡಿಸುತ್ತ ಕೇಳಿದರು. "ಆಯ ಯಾರು ನೋಡವ್ರೆ?"

ಆಯ ಎಂದರೆ ಈ ಕಡೆ ಮನೆ ಕಟ್ಟುವವರೆಲ್ಲ ನೋಡುವ ಒಂದು ಲೆಕ್ಕ ಎಂದಷ್ಟೇ ನನಗೆ ಗೊತ್ತಿತ್ತು. "ಇದು ಹೊಸ ಅಳತೆ ಅಲ್ಲ ಮೇಸ್ತ್ರಿ," ಎಂದೆ. "ಹಳೇ ಕಟ್ಟಡದ್ದೇ. ಅದಾಗಲೇ ನಿಂತಿರೋದು."

ಅವರು ಹಳೆಯ ಮನೆ ಎಂದು ತಿಳಿದರು. ಹಿರಿಯರು ನೋಡಿಯೇ ಕಟ್ಟಿರುತ್ತಾರೆ ಎಂದುಕೊಂಡು ಸುಮ್ಮನಾದರು. ನನ್ನ ಉತ್ತರದಲ್ಲಿ ಸುಳ್ಳು ಇರಲಿಲ್ಲ. ಯಾವ ಕಟ್ಟಡ ಎಂಬುದು ಇರಲಿಲ್ಲ, ಅಷ್ಟೆ.

ಪಾಯ ಕಲ್ಲಿನದು. ಗೋಡೆ ಒತ್ತಿದ ಮಣ್ಣಿನ ಇಟ್ಟಿಗೆಯದು, ಒಂಬತ್ತು ಅಂಗುಲ ದಪ್ಪ. ಗೋಡೆಯ ತಲೆಯ ಸುತ್ತ ಕಾಂಕ್ರೀಟಿನ ಪಟ್ಟಿ, ಅದರ ಮೇಲೆ ತ್ರಿಕೋನದ ಮರದ ಕಟ್ಟುಗಳು. ಇಡೀ ಮನೆ ಒಂದೇ ಅಂಕಣ. ಅಡಿಗೆಮನೆಯನ್ನೂ ಎರಡು ಕೋಣೆಗಳನ್ನೂ ಏಳಡಿ ಎತ್ತರದ ಅಡ್ಡಗೋಡೆಗಳು ಬೇರೆ ಮಾಡುತ್ತಿದ್ದವು. ಅವುಗಳ ಮೇಲೆ ಗಾಳಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿಯಬೇಕು. ಗೋಡೆ ಏಳುವುದಕ್ಕೆ ಐದು ವಾರ ಹಿಡಿಯಿತು. ಮಾಡು ಹೊದಿಸಿದ ದಿನ ಮಧ್ಯಾಹ್ನ ಮನೆಯೊಡತಿ ಒಳಗೆ ಬಂದು ಕೂತರು. ಹೊರಗೆ ನೆಲ ಸುಡುತ್ತಿತ್ತು. ಸೆರಗಿನಿಂದ ಕತ್ತು ಒರೆಸಿಕೊಂಡರು, ಮತ್ತೆ ಒರೆಸಿಕೊಳ್ಳಲಿಲ್ಲ. ಅರ್ಧ ಗಂಟೆ ಎದ್ದು ಹೋಗಲಿಲ್ಲ. ವಿನ್ಯಾಸಕಿ ಅದನ್ನು ಫೋನಿನಲ್ಲಿ ಚಿತ್ರ ತೆಗೆದರು.

ಮೊದಲ ಮಳೆ ಗಾಳಿಯೊಂದಿಗೆ ಬಂತು. ನೆತ್ತಿಯ ಬಾಯಿಯಿಂದ ಎರಚಲು ನುಗ್ಗಿ ಅಡ್ಡಗೋಡೆಗಳ ಮೇಲೆಲ್ಲ ಕೆಂಪು ನೀರು ಇಳಿಯಿತು. ಮೇಸ್ತ್ರಿ ನಡುವೆ ನಿಂತು ಮೇಲೆ ನೋಡಿದರು.

"ಇದು ಆಲೆಮನೆ ಮಾಡಲ್ವಾ ಸಾ? ಅಲ್ಲಿ ಕೆಳಗೆ ಉರಿ ಇರ್ತದೆ. ಬಿದ್ದಿದ್ ನೀರು ಅಲ್ಲೇ ಆರೋಯ್ತದೆ. ಇಲ್ಲಿ ಯಾರ್ ಆರುಸ್ತಾರೆ?"

ಮಾಡು ಆಲೆಮನೆಯದು ಎಂದು ಅವರಿಗೆ ಮಾಡು ಹೊದಿಸುವಾಗ ಗೊತ್ತಾಗಿತ್ತು. ಅಳತೆಯೂ ಅಲ್ಲಿಯದೇ ಎಂದು ಯಾರೂ ಹೇಳಿರಲಿಲ್ಲ. ಮೇಲಿನ ಕಿರುಮಾಡನ್ನು ಎರಡೂ ಕಡೆ ಒಂದೂವರೆ ಅಡಿ ಚಾಚಿ, ಬಾಯಿಯ ಅಂಚಿಗೆ ಓರೆಯಾದ ಹಲಗೆ ಕಟ್ಟಿಸಿದೆವು. ಎರಚಲು ನಿಂತಿತು, ಗಾಳಿ ನಿಲ್ಲಲಿಲ್ಲ. ಆದರೆ ಮೂರು ವಾರ ಹೋಯಿತು. ಮಗಳಿಗೆ ಎಂಟನೇ ತಿಂಗಳು ತುಂಬುತ್ತ ಬಂದಿತ್ತು.

ಸೊಸೆಯನ್ನು ಕಳಿಸುವ ಮುಂಚೆ ಮನೆ ನೋಡಿಕೊಂಡು ಹೋಗಲು ಮಗಳ ಅತ್ತೆ ಬಂದರು. ಮಳವಳ್ಳಿಯಲ್ಲಿ ಬಸ್ಸಿಳಿದು ಆಟೋದಲ್ಲಿ ಬಂದವರು, ಬೀದಿಯಲ್ಲೇ ನಿಂತರು. ಮನೆಯೊಡತಿ ತಂಬಿಗೆ ನೀರು ಹಿಡಿದು ಬಾಗಿಲಲ್ಲಿದ್ದರು.

"ಬನ್ನಿ ಬೀಗ್ರೆ, ಯಾಕ್ ಅಲ್ಲೇ ನಿಂತ್ಕೊಂಡ್ರಿ?"

ಬೀಗಿತಿ ಮಾಡನ್ನೇ ನೋಡುತ್ತಿದ್ದರು. "ಇದು ನಮ್ಮೂರ ಆಲೆಮನೆ ಅಲ್ವಾ?"

ನಾನು ಮುಂದೆ ಹೋದೆ. ಯಾವ ಊರು ಎಂದು ಕೇಳಿದೆ. ಹೇಳಿದರು. ನಾನು ಅಳೆದ ಆಲೆಮನೆ ಅವರ ಊರಿನದೇ. ಮದುವೆಯಾಗಿ ಬಂದ ಹೊಸದರಲ್ಲಿ ಆಕೆ ಎರಡು ವರ್ಷ ಅಲ್ಲಿ ಬೆಲ್ಲದ ಅಚ್ಚು ತುಂಬಿದ್ದರಂತೆ. ಒಳಗೆ ಬಂದು ಗೋಡೆಯಿಂದ ಗೋಡೆಗೆ ಹೆಜ್ಜೆ ಹಾಕಿದರು. ಒಲೆ ಇರಬೇಕಾದ ಜಾಗ ಬಂದಾಗ ಸುತ್ತಿಕೊಂಡು ಹೋದರು. ಅಲ್ಲಿ ಒಲೆ ಇರಲಿಲ್ಲ, ಖಾಲಿ ನೆಲ ಇತ್ತು.

"ಸಾಬ್ರೆ," ಎಂದರು. "ಎಷ್ಟೈತೆ ನೋಡಿ. ಅಡೀಲಿ ಏಳಿ."

ಮೇಸ್ತ್ರಿ ಟೇಪು ಬಿಚ್ಚಿದರು. ಹದಿನೆಂಟು. ಇಪ್ಪತ್ತೈದು. ಅಂಕಿ ಹೇಳುವಾಗಲೇ ಅವರ ದನಿ ತಗ್ಗಿತು. ಮೊಳೆಯೊಂದನ್ನು ತೆಗೆದು ಹಸಿ ಗಾರೆಯ ಮೇಲೆ ಗೀಚಿದರು. ಹದಿನೆಂಟು ಇಪ್ಪತ್ತೈದಲಿ ನಾನೂರ ಐವತ್ತು. ಎಂಟರಿಂದ ಭಾಗಿಸಿದರೆ ಉಳಿಯುವುದು ಎರಡು.

"ಎರಡು," ಎಂದರು.

"ಎರಡು ಅಂದ್ರೆ?" ಎಂದು ನಾನು ಕೇಳಿದೆ.

"ದೂಮಾಯ ಸಾ. ಒಂದು ಉಳುದ್ರೆ ದ್ವಜಾಯ, ಮೂರು ಉಳುದ್ರೆ ಸಿಂಹಾಯ, ಅವೆಲ್ಲಾ ವಾಸ್ಕೆ. ಎರಡು ಹೊಗೆದು. ಕುಲುಮೆಗೆ, ಆಲೆಮನೆಗೆ, ಇಟ್ಟಿಗೆ ಗೂಡಿಗೆ ಇಡೋದು. ಉರಿ ಚೆನ್ನಾಗಿ ಇಡೀಲಿ ಅಂತ."

ಆಗ ನನಗೆ ಪೂರ್ಣ ಅಡಿಗಳು ಅರ್ಥವಾದವು. ಆ ಆಲೆಮನೆಯ ಅಳತೆ ತಾನಾಗಿ ಬಂದದ್ದಲ್ಲ. ಬೇಕೆಂದೇ ಎರಡು ಉಳಿಸಿ ಕಟ್ಟಿದ್ದರು.

ಬೀಗಿತಿ ದನಿ ಏರಿಸಲಿಲ್ಲ. "ನೋಡಿ ಬೀಗ್ರೆ, ತಪ್ ತಿಳ್ಕೊಬ್ಯಾಡಿ. ಚೊಚ್ಚಲ ಬಸ್ರಿ. ಆಲೆಮನೆ ಅಳತೇಲಿ ಬಾಣಂತಿ ಮಲಗುಸ್ತೀನಿ ಅಂದ್ರೆ ನಾನು ಎಂಗ್ ಕಳ್ಸಲಿ? ಸರಿ ಮಾಡ್ಸಿ, ಕಳುಸ್ತೀನಿ. ಇಲ್ದಿದ್ರೆ ನಮ್ಮನೇಲೇ ಆಗ್ಲಿ ಬುಡಿ."

ಕಾಫಿ ಕುಡಿಯದೆ ಹೊರಟರು. ಮನೆಯೊಡತಿ ಆಟೋದವರೆಗೆ ಹೋಗಿ ವಾಪಸು ಬಂದರು. ತಂಬಿಗೆ ಇನ್ನೂ ಕೈಯಲ್ಲೇ ಇತ್ತು. ನಮ್ಮನ್ನು ನೋಡಲಿಲ್ಲ. ಹುಳುಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ವಿನ್ಯಾಸಕಿ ಸಂಜೆಯ ಹೊತ್ತಿಗೆ ಬಂದರು. ಮೂವರೂ ಅದೇ ಅಂಕಣದಲ್ಲಿ ನಿಂತು ಮಾತಾಡಿದೆವು. ಅವರ ಮೊದಲ ಸಲಹೆ ಹೊರ ಅಳತೆ ತೋರಿಸುವುದು. ಎರಡೂ ಗೋಡೆ ಸೇರಿಸಿದರೆ ಹತ್ತೊಂಬತ್ತೂವರೆ, ಇಪ್ಪತ್ತಾರೂವರೆ. ಗುಣಿಸಿ ಭಾಗಿಸಿದರೆ ಸುಮಾರು ಐದು ಉಳಿಯುತ್ತಿತ್ತು.

"ಐದು ಒಳ್ಳೇದೇ ಮೇಡಮ್ಮು," ಎಂದರು ಮೇಸ್ತ್ರಿ. "ಆದ್ರೆ ಮಗು ಮಲಗೋದು ಗೋಡೆ ಒಳಗೆ. ಒರಗಡೆ ಅಲ್ವಲ್ಲ."

"ಉದ್ದದಲ್ಲಿ ಒಂದಡಿ ಕಡಿಮೆ ಮಾಡಿದ್ರೆ? ಅಡ್ಡಗೋಡೆ ಸರಿಸಬಹುದು."

ಮೇಸ್ತ್ರಿ ಮತ್ತೆ ಮೊಳೆ ಹಿಡಿದರು. ಅಗಲ ಹದಿನೆಂಟು ಇರುವವರೆಗೆ ಉದ್ದ ಏನೇ ಮಾಡಿದರೂ ಉಳಿಯುವುದು ಸರಿಸಂಖ್ಯೆಯೇ, ವಾಸಕ್ಕೆ ಬೆಸಸಂಖ್ಯೆ ಬೇಕು. ನಾಲ್ಕೈದು ಸಲ ಗೀಚಿ ತೋರಿಸಿದರು. ಬದಲಾಗಬೇಕಾದ್ದು ಅಗಲ. ಆದರೆ ಅಗಲದ ಮೇಲೆ ಮಾಡು ಕೂತಿತ್ತು, ಗೋಡೆಯ ತಲೆಗೆ ಪಟ್ಟಿ ಬಿದ್ದಿತ್ತು. ಗೋಡೆ ಕೆಡವಿ ಹತ್ತೊಂಬತ್ತು ಮಾಡಬೇಕಾದರೆ ಮಾಡು ಇಳಿಸಬೇಕು. ಎರಡು ತಿಂಗಳ ಕೆಲಸ.

"ನಿಮಗೆ ಇದರಲ್ಲಿ ನಂಬಿಕೆ ಇದೆಯಾ ಮೇಸ್ತ್ರಿ?" ಎಂದು ವಿನ್ಯಾಸಕಿ ಕೇಳಿದರು.

"ನಂಗೇನು ಮೇಡಮ್ಮು. ನಮ್ಮಪ್ಪ ಕಲ್ಸವ್ರೆ, ನಾನ್ ಇಡ್ತೀನಿ. ನಂಬ್ಕೆ ಮಲಗೋರ್ದು."

ವಿನ್ಯಾಸಕಿ ನನ್ನ ಕಡೆ ತಿರುಗಿದರು. "ಅಲ್ಲಿ ಯಾರೂ ನಿಮಗೆ ಇದನ್ನ ಹೇಳಲಿಲ್ವಾ?"

ಕಿಸೆಯಿಂದ ಪುಸ್ತಕ ತೆಗೆದು ಆ ಪುಟ ತೋರಿಸಿದೆ. ಓದಿದರು. ತಮ್ಮ ಚೀಲದಿಂದ ನನ್ನ ಶುದ್ಧ ಪ್ರತಿಯನ್ನು ತೆಗೆದು ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರು. "ಇದು ಮನೆಯಾಕೆಗೆ ಗೊತ್ತಾಗೋದು ಬೇಡ," ಎಂದರು. "ಏನೂ ಉಪಯೋಗ ಇಲ್ಲ." ನಾನು ಹೂಂ ಎಂದೆ.

ಮರುದಿನ ಆತಗೂರಿನ ಕಡೆಗೆ ಹೋದೆ. ಆಲೆಮನೆಯಲ್ಲಿ ಒಲೆ ಆರಿತ್ತು. ಯಜಮಾನರು ಕಬ್ಬಿನ ಸಿಪ್ಪೆಯನ್ನು ಬಿಸಿಲಿಗೆ ಹರಡುತ್ತಿದ್ದರು. ನಾನು ಆಯದ ಮಾತೆತ್ತಿದ ಕೂಡಲೇ ನಿಂತರು.

"ನಮ್ ತಾತ ಇಡ್ಸಿದ್ದು. ಎರಡು ಉಳೀಬೇಕು ಅಂತ್ಲೇ ಇಡ್ಸಿದ್ದು. ಅವತ್ತೇ ಏಳಿದ್ನಲ್ಲಪ್ಪ."

"ಹೇಳಿದ್ರಿ."

"ನೀನು ಬರ್ಕೊಂಡಂಗಿತ್ತು."

"ಬರ್ಕೊಂಡೆ."

"ಮತ್ತೇನು?" ಅವರು ನಿಜಕ್ಕೂ ಉತ್ತರಕ್ಕಾಗಿ ಕಾದರು. ಆಮೇಲೆ ಸಿಪ್ಪೆಯ ಕಡೆ ಬಗ್ಗಿದರು. "ಓದೋರು ನೀವು. ಬರ್ಕೊಂಡ್ರೆ ಆಯ್ತು ಅನ್ಕೊಂಡೆ ನಾನು."

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಮದ್ದೂರಿನಿಂದ ಮಳವಳ್ಳಿಯವರೆಗೆ ಹೊರಗೆ ನೋಡುತ್ತಿದ್ದೆ. ಏನು ನೋಡಿದೆ ಎಂದು ಕೇಳಿದರೆ ಹೇಳಲಾರೆ. ನಾಚಿಕೆಯೋ ಭಯವೋ ಬರಬೇಕಿತ್ತು, ಬರಲಿಲ್ಲ. ತಪ್ಪು ಅಚ್ಚಾದ ಮಾರನೆಯ ಬೆಳಿಗ್ಗೆ ಪತ್ರಿಕೆ ಕೈಯಲ್ಲಿ ಹಿಡಿದು ಕೂತ ಹಾಗೆ ಇತ್ತು. ಅಂಥ ಬೆಳಿಗ್ಗೆ ಮಾಡಬೇಕಾದ ಕೆಲಸ ಒಂದೇ. ತಿದ್ದುಪಡಿ ಹಾಕಬೇಕು, ತಪ್ಪು ಯಾರಿಗೆ ತಗುಲಿತೋ ಅವರಿಗೆ ಕಾಣುವ ಹಾಗೆ ಹಾಕಬೇಕು.

ಬಸ್ಸಿಳಿದು ನೇರ ಹುಳುಮನೆಗೆ ಹೋದೆ. ಮನೆಯೊಡತಿ ರಾಗಿ ಕೇರುತ್ತಿದ್ದರು. ಹೊಸ್ತಿಲ ಹೊರಗೇ ಕೂತು ಪುಸ್ತಕ ತೆಗೆದು ಆ ವಾಕ್ಯವನ್ನು ಓದಿ ಹೇಳಿದೆ. ಯಾರು ಹೇಳಿದ್ದು, ಯಾವಾಗ, ನಾನು ಅದನ್ನು ಏನು ಮಾಡಿದೆ ಎಂಬುದನ್ನೂ ಹೇಳಿದೆ.

ಮೊರ ನಿಂತಿತು. "ಇನ್ನೊಂದ್ಸಲ ಓದಿ."

ಓದಿದೆ.

"ಅವ್ರು ಏಳಿದ್ರಂತೆ. ಇವ್ರು ಬರ್ಕೊಂಡ್ರಂತೆ. ಆಮೇಕೆ ಬುಟ್ಟುಬುಟ್ರಂತೆ." ಇದನ್ನು ಆಕೆ ನನಗೆ ಹೇಳಲಿಲ್ಲ, ಮೊರಕ್ಕೆ ಹೇಳಿದ ಹಾಗೆ ಹೇಳಿದರು. "ಯಾಕ್ ಬುಟ್ರಿ ಸಾ?"

"ಅದರಲ್ಲಿ ಅಳತೆ ಇರಲಿಲ್ಲ ಅಂತ."

"ಅಳತೆ ಇರ್ನಿಲ್ವಾ?" ಆಕೆ ನನ್ನ ಮುಖ ನೋಡಿದರು. "ಆ ಮಾತಲ್ಲಿ ಅಳತೆ ಬುಟ್ರೆ ಇನ್ನೇನೈತೆ?"

ನಾನು ಪುಸ್ತಕ ಮುಚ್ಚಿದೆ. ಆಕೆ ಮತ್ತೆ ಕೇರತೊಡಗಿದರು. ಬೈಗುಳಕ್ಕೆ ಕಾಯುತ್ತಿದ್ದೆ ಎಂದು ಕಾಣುತ್ತದೆ. ಬೈಯಲಿಲ್ಲ.

"ಸಾಬ್ರುನ ಕರೀರಿ," ಎಂದರು ಕೊನೆಗೆ. "ಇರೋ ಮನೆಲೇ ಏನ್ ಮಾಡಬೋದು ಕೇಳುವ."

ಮೇಸ್ತ್ರಿ ಬಂದರು, ವಿನ್ಯಾಸಕಿಯೂ ಬಂದರು. ನಾನು ಹೇಳಿಬಿಟ್ಟಿದ್ದೇನೆ ಎಂಬುದು ವಿನ್ಯಾಸಕಿಗೆ ಮನೆಯೊಡತಿಯ ಮುಖ ನೋಡಿದೊಡನೆ ಗೊತ್ತಾಯಿತು. ಮೇಸ್ತ್ರಿ ಹಳೆಯ ಗೀಚುಗಳ ಪಕ್ಕ ಇನ್ನೊಂದು ಗೀಚಿದರು. ಹದಿನೇಳು ಇಪ್ಪತ್ತೈದಲಿ ನಾನೂರ ಇಪ್ಪತ್ತೈದು. ಎಂಟರಿಂದ ಭಾಗಿಸಿದರೆ ಉಳಿಯುವುದು ಒಂದು. ಧ್ವಜಾಯ. ಅಗಲ ಹೆಚ್ಚಿಸಲು ಆಗದಿದ್ದರೆ ಒಳಗಿನಿಂದ ಒಂದಡಿ ಕಡಿಮೆ ಮಾಡಬೇಕು.

"ಒಂದಡಿ ಜಗಲಿ ಕಟ್ಟಿಬಿಡೋಣ, ಗೋಡೆ ಉದ್ದಕ್ಕೂ," ಎಂದರು ವಿನ್ಯಾಸಕಿ. "ಎರಡು ದಿನದ ಕೆಲಸ."

"ಜಗಲಿ ಆಗಾಕಿಲ್ಲ ಮೇಡಮ್ಮು. ಅದ್ರ ಮೇಲೆ ಮತ್ತೆ ಹದಿನೆಂಟೇ ಅಲ್ವಾ? ಗೋಡೆಯಿಂದ ಗೋಡೆಗೆ ಹದಿನೇಳು ಬರ್ಬೇಕು. ನೆಲದಿಂದ ತಲೆವರ್ಗೂ."

ಅಂದರೆ ಪಡುವಣ ಗೋಡೆಗೆ ಒಳಗಿನಿಂದ ಇನ್ನೊಂದು ಗೋಡೆ. ಒಂದಡಿ ದಪ್ಪ, ಇಪ್ಪತ್ತೈದು ಅಡಿ ಉದ್ದ, ಪೂರ್ತಿ ಎತ್ತರ. ಮೂಲ ಪ್ರಮಾಣ ಹೋಗುತ್ತದೆ ಎಂಬುದು ವಿನ್ಯಾಸಕಿಗೆ ಗೊತ್ತಿತ್ತು. "ಗಾಳಿ ಮೇಲೇ ಹೋಗೋದು. ತೊಂದರೆ ಆಗಲಾರದು," ಎಂದಷ್ಟೇ ಹೇಳಿ ಪೆನ್ಸಿಲ್ ತೆಗೆದರು.

"ಗೋಡೆ ಕಟ್ಟೋದಾರೆ ಗೂಡು ಬುಡಿ," ಎಂದರು ಮನೆಯೊಡತಿ. "ದೀಪಕ್ಕೊಂದು, ಎಣ್ಣೆ ಬಟ್ಲಿಗೊಂದು, ಮಗೀನ ಬಟ್ಟೆಗೊಂದು. ಸುಮ್ಕೆ ದಪ್ಪ ಗೋಡೆ ನಿಲ್ಸಿ ಏನ್ ಮಾಡ್ಲಿ?"

ಎರಡನೆಯ ಮನೆಗೆಂದು ಒತ್ತಿಟ್ಟಿದ್ದ ಇಟ್ಟಿಗೆಯನ್ನು ತಂದೆವು. ಒಂಬತ್ತು ಅಂಗುಲದ ಇಟ್ಟಿಗೆ ಸಾಲು, ಅದಕ್ಕೂ ಹಳೆಯ ಗೋಡೆಗೂ ನಡುವಿನ ಸಂದಿಗೆ ಕಲಸಿದ ಮಣ್ಣು, ಮುಖಕ್ಕೆ ಗಾರೆ. ಎರಡು ಗೋಡೆಗಳನ್ನು ಹಿಡಿದಿಡಲು ಇಟ್ಟಿಗೆಯ ಪ್ರತಿ ನಾಲ್ಕನೆಯ ವರಸೆಗೆ ತಂತಿಯ ಕಟ್ಟು. ಏಳು ಗೂಡುಗಳು. ಮೇಸ್ತ್ರಿ ಪ್ರತಿ ದಿನ ಕೆಲಸ ಬಿಡುವ ಮೊದಲು ಮೂರು ಕಡೆ ಅಗಲ ಅಳೆದು ಅಡಿಯಲ್ಲಿ ಕೂಗಿ ಹೇಳುತ್ತಿದ್ದರು, ನಾನು ಅಡಿಯಲ್ಲೇ ಬರೆದುಕೊಳ್ಳುತ್ತಿದ್ದೆ. ಒಂದು ತುದಿಯಲ್ಲಿ ಅರ್ಧ ಅಂಗುಲ ಹೆಚ್ಚು ಬಂದ ದಿನ ಎರಡು ವರಸೆ ಬಿಚ್ಚಿಸಿದರು. ಹದಿಮೂರನೆಯ ದಿನ ಗೋಡೆ ಮುಗಿಯಿತು. ಆದರೆ ಅಷ್ಟು ಮಣ್ಣು ಒಳಗೇ ಕೂತ ಗೋಡೆ ಬೇಗ ಆರುವುದಿಲ್ಲ. ಕೈಯಿಟ್ಟರೆ ತಣ್ಣಗೆ ಒದ್ದೆ. ಎಳೆ ಮಗುವನ್ನು ಅದರ ಪಕ್ಕ ಮಲಗಿಸಬಾರದು ಎಂದು ಮೇಸ್ತ್ರಿಯೇ ಹೇಳಿದರು. ನೆತ್ತಿಯ ಬಾಯಿ ತೆರೆದು, ಬಾಗಿಲು ಕಿಟಕಿ ತೆರೆದು ಕಾದೆವು.

ಒಂಬತ್ತನೆಯ ತಿಂಗಳು ಮುಗಿಯುವ ಮೊದಲೇ ಫೋನು ಬಂತು. ಮಗಳಿಗೆ ಮದ್ದೂರಿನ ಆಸ್ಪತ್ರೆಯಲ್ಲಿ ಹೆರಿಗೆಯಾಗಿತ್ತು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಆಸ್ಪತ್ರೆಯಿಂದ ಬೀಗಿತಿಯ ಮನೆಗೇ ಕರೆದುಕೊಂಡು ಹೋದರು. ಬಾಣಂತನ ಅಲ್ಲೇ ಶುರುವಾಯಿತು.

ಮನೆಯೊಡತಿ ಅವತ್ತಿನಿಂದ ಬೆಳಗಿನ ಬಸ್ಸಿಗೆ ಹೋಗಿ ಮಗಳಿಗೂ ಮಗುವಿಗೂ ನೀರು ಹಾಕಿ, ಸಂಜೆಯ ಬಸ್ಸಿಗೆ ವಾಪಸು ಬರುತ್ತಿದ್ದರು. ಮಳವಳ್ಳಿಯಲ್ಲಿ ಒಂದು ಬಸ್ಸು, ಮದ್ದೂರಿನಲ್ಲಿ ಇನ್ನೊಂದು. ಬೀಗರ ಮನೆಯಲ್ಲಿ ಉಳಿಯಿರಿ ಎಂದು ಬೀಗಿತಿ ಹೇಳಿದ್ದರಂತೆ. ಉಳಿಯಲಿಲ್ಲ. ಹೊಸ ಮನೆಯಲ್ಲಿ ಮಲಗಲೂ ಇಲ್ಲ. ಗೋಡೆ ಆರಿತ್ತು, ನೆಲ ಸಾರಿಸಿ ಆಗಿತ್ತು, ಬಾಗಿಲಿಗೆ ಚಿಲಕ ಬಿದ್ದಿತ್ತು. ಆಕೆ ಬಸ್ಸಿಳಿದು ಬಂದು ಅದರ ಮುಂದೆಯೇ ನಡೆದು ಹಿತ್ತಲಿನ ಹುಳುಮನೆಗೆ ಹೋಗುತ್ತಿದ್ದರು.

ಒಂದು ಸಂಜೆ ಕೇಳಿದೆ, "ಮನೆ ಸಿದ್ಧ ಆಗಿದೆಯಲ್ಲಮ್ಮ, ಯಾಕೆ ಇನ್ನೂ ಅಲ್ಲೇ?"

"ಯಾರಿಗೆ ಅಂತ ಕಟ್ಟಿದ್ದು ಸಾ ಅದು?" ಎಂದರು. ನಿಲ್ಲಲಿಲ್ಲ.

ಅಷ್ಟರಲ್ಲಿ ಉಳಿದ ಐದು ಮನೆಗಳಿಗೆ ಹೊಸ ನಕ್ಷೆ ಬಂತು. ಅಡಿಯಲ್ಲಿತ್ತು, ಒಳ ಅಗಲ ಹದಿನೇಳು. ದಾಖಲೆ ಹಾಳೆಯಲ್ಲಿ ನಾನು ನಾಲ್ಕನೆಯ ಕಾಲಂ ಸೇರಿಸಿದೆ: ಹೇಳಿದ್ದು. ಆಲೆಮನೆಯ ಹಾಳೆಯನ್ನು ಮತ್ತೆ ಬರೆದು ಯಜಮಾನರ ವಾಕ್ಯವನ್ನು ಅದರ ಜಾಗದಲ್ಲಿ ಹಾಕಿದೆ. ಅದು ಮೊದಲ ಸಾಲಿಗೇ ಬಂತು, ಒಳ ಅಗಲದ ಎದುರಿಗೆ.

ಮಗು ಹುಟ್ಟಿ ಎರಡು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಮೇಸ್ತ್ರಿ ಫೋನು ಮಾಡಿದರು. "ಬನ್ನಿ ಸಾ, ಟೇಪು ತನ್ನಿ. ಬೀಗ್ತಿ ಬತ್ತಾವ್ರೆ."

ನಾನು ಹೋಗುವ ಹೊತ್ತಿಗೆ ಆಟೋ ಬಂದು ನಿಂತಿತ್ತು. ಬೀಗಿತಿ ಮೊದಲು ಇಳಿದು ಒಬ್ಬರೇ ಒಳಗೆ ಹೋದರು. ಮಗಳು ಮಗುವನ್ನು ಎತ್ತಿಕೊಂಡು ಆಟೋದಲ್ಲೇ ಕೂತಿದ್ದಳು. ಮನೆಯೊಡತಿ ಬಾಗಿಲ ಪಕ್ಕ ನಿಂತಿದ್ದರು, ಒಳಗೂ ಹೋಗಲಿಲ್ಲ, ಆಟೋದ ಹತ್ತಿರವೂ ಹೋಗಲಿಲ್ಲ. ಮೇಸ್ತ್ರಿ ಟೇಪಿನ ಒಂದು ತುದಿ ಬೀಗಿತಿಯ ಕೈಗೆ ಕೊಟ್ಟು ಇನ್ನೊಂದನ್ನು ತಾವು ಹಿಡಿದರು.

"ಹದಿನೇಳು," ಎಂದು ಕೂಗಿದರು.

ಬೀಗಿತಿ ತುದಿಯನ್ನು ಗೋಡೆಗೆ ಒತ್ತಿ ಹಿಡಿದು ಇನ್ನೊಮ್ಮೆ ಕೇಳಿದರು. ಮೇಸ್ತ್ರಿ ಇನ್ನೊಮ್ಮೆ ಹೇಳಿದರು. ಇಪ್ಪತ್ತೈದನ್ನೂ ಅಳೆದರು. ಬೀಗಿತಿ ಟೇಪು ಬಿಟ್ಟು ಹೊರಗೆ ಬಂದು ಆಟೋದ ಕಡೆ ಕೈ ಬೀಸಿದರು. "ಬಾರವ್ವ. ಬಿಸಿಲಲ್ಲಿ ಎಷ್ಟೊತ್ತು ಕೂತ್ಕೊಂಡೀಯೆ."

ಮನೆಯೊಡತಿ ಆರತಿ ಎತ್ತಿದರು. ಕೆಂಪು ನೀರು ಹೊಸ್ತಿಲ ಮೇಲೆ ಚೆಲ್ಲಿತು.

ಒಳಗೆ ತಣ್ಣಗಿತ್ತು. ಮಗಳು ನಡುಮನೆಯಲ್ಲಿ ನಿಂತು ಮೇಲೆ ನೋಡಿದಳು, ಸುತ್ತ ನೋಡಿದಳು. ಈ ಮನೆಯನ್ನು ಆಕೆ ನೋಡುತ್ತಿದ್ದದ್ದು ಅದೇ ಮೊದಲು. ಪಡುವಣ ಗೋಡೆಯ ಹತ್ತಿರ ಹೋಗಿ ಒಂದು ಗೂಡಿನೊಳಗೆ ಮೊಣಕೈವರೆಗೆ ಕೈ ಹಾಕಿದಳು.

"ಅವ್ವ, ಈ ಒಂದ್ ಗೋಡೆ ಯಾಕೆ ಇಷ್ಟ್ ದಪ್ಪ?"

ಮನೆಯೊಡತಿ ಮಗುವನ್ನು ಮಗಳ ಕೈಯಿಂದ ತೆಗೆದುಕೊಂಡರು. ನೆಲದ ಮೇಲೆ ಆ ಗೋಡೆಗೇ ಒರಗಿ ಕೂತು ಕಾಲು ಚಾಚಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ಗದ್ದ ಎತ್ತಿ ತೋರಿಸಿದರು.

"ಅದಾ? ಅದು ಇವ್ರು ಬುಟ್ಟೋಗಿದ್ ಮಾತು ಕಣಮ್ಮ."

ನಾನು ಪುಸ್ತಕ ತೆಗೆದೆ.

"ಊಂ, ಬರ್ಕೊಳ್ಳಿ," ಎಂದರು. "ಇಪ್ಪತ್ತೈದಡಿ ಐತೆ. ಪೂರ್ತಿ ಬರ್ಕೊಳ್ಳಿ."